ಬಿಪಿ ಪಟ್ಟಿ, ತಂಬೂರಿ, ಡೀಸೆಲ್ ಗಿರಣಿ: ಕೆಟಮಿನ್ ಟ್ರ್ಯಾಕ್ ಎಲ್ಲಿಗೆ ಬಂತು

ನನ್ನ ಕೆಟಮಿನ್ ಚಿಕಿತ್ಸೆಯ ಹೊತ್ತಿನಲ್ಲಿ ಹೆಡ್‌ಫೋನಿನಲ್ಲಿ ಕೇಳಲೆಂದು ನಾನು ಕಟ್ಟುತ್ತಿರುವ ಸದ್ದುಗಳ ಟ್ರ್ಯಾಕ್ ಆಸ್ಪತ್ರೆಯ ಬಿಪಿ ಯಂತ್ರದೊಂದಿಗೆ ಕೊನೆಗೂ ರಾಜಿಯಾಗಿದೆ. ಮೈಕ್ ಎಲ್ಲಿಡಬೇಕು, ಗೇನ್ ಎಷ್ಟಿರಬೇಕು, ಆಗುಂಬೆಯ ಆಷಾಢದಲ್ಲಿ ರೆಕಾರ್ಡರಿಗೆ ಬೂಷ್ಟು ಹಿಡಿಯದಂತೆ ಕಾಯುವುದು ಹೇಗೆ ಎಂಬುದನ್ನೆಲ್ಲ ಸುತ್ತಲಿನ ಸದ್ದು ಹಿಡಿಯುವ ಈ ಹವ್ಯಾಸದ ಗೆಳೆಯರಿಗೆ ಹೇಳಬೇಕಾಗಿಲ್ಲವಾದ್ದರಿಂದ, ಇಡೀ ಮಳೆಗಾಲವನ್ನು ನುಂಗಿಹಾಕಿದ ಒಂದೇ ಒಂದು ತೊಡಕಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಚಿಕಿತ್ಸೆಯ ಪರಿಚಯವಿಲ್ಲದವರಿಗೆ ಎರಡು ಮಾತು. ಕೆಟಮಿನ್ 1962ರಲ್ಲಿ ತಯಾರಾಗಿ 1970ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅರಿವಳಿಕೆ ಔಷಧಿ. ಬೇರೆ ಮಾತ್ರೆಗಳಿಗೆ ಜಗ್ಗದ ಖಿನ್ನತೆಗೆ ಅದನ್ನು ಅರಿವಳಿಕೆಯ ಪ್ರಮಾಣಕ್ಕಿಂತ ಬಹಳ ಕಡಿಮೆ, ಸಾಮಾನ್ಯವಾಗಿ ದೇಹತೂಕದ ಕಿಲೋ ಒಂದಕ್ಕೆ 0.5 ಮಿಲಿಗ್ರಾಂನಂತೆ, 40 ನಿಮಿಷಗಳ ಕಾಲ ರಕ್ತನಾಳಕ್ಕೆ ನಿಧಾನವಾಗಿ ಹರಿಸುತ್ತಾರೆ. ದೇಹ ಬೇರೆ, ತಾನು ಬೇರೆ ಎನ್ನಿಸುವುದು, ಹೊತ್ತು ಹಿಗ್ಗಿದಂತಾಗುವುದು, ಸಣ್ಣ ಸದ್ದೂ ದೊಡ್ಡದಾಗಿ ಕೇಳುವುದು ಆಗ ಸಾಮಾನ್ಯ. ಇವೆಲ್ಲ ಡ್ರಿಪ್ ಮುಗಿಯುವ ಹೊತ್ತಿಗೆ ತುದಿಗೇರಿ ಮುಂದಿನ ಒಂದೆರಡು ಗಂಟೆಯಲ್ಲಿ ಇಳಿಯುತ್ತವೆ. ನಮ್ಮಲ್ಲಿ ಈ ಔಷಧಿ 2013ರಿಂದ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಂತ್ರಣವಿರುವ ಔಷಧಿಗಳ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಪ್ರಮಾಣ, ವೇಗ, ಔಷಧಿ ಎಲ್ಲವೂ ವೈದ್ಯರ ಕೈಯಲ್ಲಿ. ನನ್ನಂಥ ಹವ್ಯಾಸಿಯ ಪಾಲಿಗೆ ಉಳಿಯುವುದು ಹೆಡ್‌ಫೋನ್ ಒಂದೇ, ಅದು ಹಾಗೆಯೇ ಇರುವುದು ಕ್ಷೇಮ.

ತೊಡಕು ತೋಳಿನಲ್ಲಿತ್ತು. ಕೆಟಮಿನ್ ಸ್ವಲ್ಪ ಹೊತ್ತು ರಕ್ತದೊತ್ತಡವನ್ನೂ ನಾಡಿಬಡಿತವನ್ನೂ ಏರಿಸುವುದರಿಂದ ಡ್ರಿಪ್ ಇಲ್ಲದ ಕೈಗೆ ಬಿಪಿ ಪಟ್ಟಿ ಸುತ್ತಿರುತ್ತಾರೆ, ಅದು ಕೆಲವು ನಿಮಿಷಗಳಿಗೊಮ್ಮೆ ತಾನಾಗಿ ಉಬ್ಬಿ ತೋಳನ್ನು ಹಿಂಡುತ್ತದೆ. ಎಚ್ಚರದಲ್ಲಿರುವಾಗ ಇದು ಏನೂ ಅಲ್ಲ. ಆದರೆ ಆ ತೋಳು ನನ್ನದೇ ಎಂಬ ಖಾತ್ರಿ ಇಲ್ಲದಿದ್ದ ಹೊತ್ತಿನಲ್ಲಿ ಯಾರೋ ಅದನ್ನು ಹಿಡಿದುಕೊಂಡರು. ಅದಕ್ಕಿಂತ ಕೆಟ್ಟದ್ದು ಪಂಪಿನ ಮೋಟಾರು: ಪಟ್ಟಿಯಲ್ಲಿ ಗಾಳಿ ತುಂಬಿದಷ್ಟೂ ಮೋಟಾರಿನ ಮೇಲೆ ಭಾರ ಬಿದ್ದು ಅದರ ಸ್ವರ ಜಾರುತ್ತಾ ಇಳಿಯುತ್ತದೆ. ಆ ಸ್ವರದ ಜೊತೆಗೆ ನಾನೂ ಇಳಿಯುತ್ತಿದ್ದೇನೆ, ಇದಕ್ಕೆ ತಳವಿಲ್ಲ ಎಂಬ ದಿಗಿಲು ಹಿಡಿದು, ಕಣ್ಣುಪಟ್ಟಿ ಕಿತ್ತೆಸೆದು, ಹೊರಳಾಡುವ ಕೋಣೆಯನ್ನು ನೋಡಿ ವಾಂತಿ ಮಾಡಿಕೊಂಡೆ. ಯಂತ್ರವನ್ನು ನಿಲ್ಲಿಸಿ ಎಂದು ಕೇಳುವಂತಿಲ್ಲ, ಏಕೆಂದರೆ ಅದು ಇರುವುದು ನನ್ನ ಸುರಕ್ಷತೆಗಾಗಿಯೇ.

ಮೊದಲು ಹೊಳೆದದ್ದು ಮುಚ್ಚಿಹಾಕುವ ಉಪಾಯ. ಜೋರು ಮಳೆಯಲ್ಲಿ ಎಲ್ಲ ಕಂಪನಾಂಕಗಳೂ ಇರುವುದರಿಂದ ಮೋಟಾರು ಅದರಲ್ಲಿ ಮುಳುಗೀತು ಎಂಬ ಲೆಕ್ಕ. ತಗಡಿನ ಮಾಡಿನ ಮೇಲಿನ ಮಳೆ ಆ ಸ್ಥಿತಿಯಲ್ಲಿ ಕಿವಿಗೆ ಮೊಳೆ ಹೊಡೆದಂತಾಗುತ್ತದೆಂದು ಬೇಗನೆ ತಿಳಿಯಿತು. ಅಡಿಕೆ ಸೋಗೆಯ ಮೇಲೆ ಬೀಳುವ ಮಳೆ ಮೃದು, ಮೇಲಿನ ಕಂಪನಾಂಕಗಳನ್ನು ಕತ್ತರಿಸಿದರೆ ಇನ್ನೂ ಮೃದು; ಆದರೆ ಮೋಟಾರನ್ನು ಮುಳುಗಿಸುವಷ್ಟು ಏರಿಸಿದರೆ ನರ್ಸ್ ಹೆಸರು ಹಿಡಿದು ಕರೆದರೂ ಕೇಳುವುದಿಲ್ಲ, ಅದಕ್ಕೆ ವೈದ್ಯರು ಒಪ್ಪಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಈ ನಡುವೆ ಆನ್‌ಲೈನ್ ಅಂಗಡಿಯವರ ಸೇವೆಯನ್ನು ಸ್ಮರಿಸದಿದ್ದರೆ ನಾಲಿಗೆ ತುರಿಸುತ್ತದೆ. 128 ಜಿಬಿ ಎಂದು ಮೈಮೇಲೆ ಬರೆದುಕೊಂಡಿದ್ದ ಮೆಮೊರಿ ಕಾರ್ಡು 8 ಜಿಬಿ ತುಂಬಿದೊಡನೆ ಹಳೆಯ ಮಳೆಯ ಮೇಲೆ ಹೊಸ ಮಳೆಯನ್ನು ಬರೆಯತೊಡಗಿತು. ತುಪ್ಪಳದ ಗಾಳಿತಡೆ ಒಂದೇ ವಾರದಲ್ಲಿ ಬೋಳಾಯಿತು. ದೂರು ಕೊಟ್ಟರೆ, ತೇವವಿಲ್ಲದ ಜಾಗದಲ್ಲಿ ಬಳಸಿ ಎಂಬ ಉತ್ತರ ತೀರ್ಥಹಳ್ಳಿಯ ವಿಳಾಸಕ್ಕೆ ಜುಲೈ ತಿಂಗಳಲ್ಲಿ ಬಂತು. ಬ್ಲೂಟೂತ್ ಹೆಡ್‌ಫೋನನ್ನಂತೂ ದಯವಿಟ್ಟು ಯಾರೂ ಒಯ್ಯಬೇಡಿ. ಲೋಕವೆಲ್ಲ ಕರಗಿಹೋಗಿರುವಾಗ ಆಕಾಶವಾಣಿಯಂತೆ ಒಬ್ಬ ಹೆಂಗಸು ‘ಬ್ಯಾಟರಿ ಲೋ’ ಎಂದು ಘೋಷಿಸಿದರೆ ಅದನ್ನು ತನ್ನ ಆಯುಷ್ಯದ ಲೆಕ್ಕವೆಂದೇ ಮನಸ್ಸು ತಿಳಿಯುತ್ತದೆ. ತಂತಿಯಿರುವ ಹೆಡ್‌ಫೋನ್, ಒಂದೇ ಉದ್ದನೆಯ ವೇವ್ ಫೈಲ್, ಏರೋಪ್ಲೇನ್ ಮೋಡಿನಲ್ಲಿಟ್ಟ ಹಳೆಯ ಫೋನ್, ಇಷ್ಟು ಸಾಕು. ಎಂಪಿ3 ತುಣುಕುಗಳ ನಡುವೆ ಬರುವ ಚಿಕ್ಕ ಮೌನ ಕೂಡ ಅಲ್ಲಿ ಕಣಿವೆಯಷ್ಟು ಅಗಲವಾಗುತ್ತದೆ.

ಮುಚ್ಚಲಾಗದಿದ್ದರೆ ಶ್ರುತಿಗಾದರೂ ಸೇರಿಸೋಣವೆಂದು, ಅನುಮತಿ ಪಡೆದು ಖಾಲಿ ಕುರ್ಚಿಯ ಪಕ್ಕದಲ್ಲಿ ಯಂತ್ರದ ಸದ್ದನ್ನು ಹಿಡಿದು ತಂದು ಅದರ ಸ್ಪೆಕ್ಟ್ರಮ್, ಅಂದರೆ ಕಂಪನಾಂಕಗಳ ಚಿತ್ರ, ನೋಡಿದೆ. ಮೋಟಾರು ಹೆಚ್ಚುಕಡಿಮೆ ಹಾರ್ಮೋನಿಯಂನ ಕಪ್ಪು ಒಂದರ ಮನೆಯಲ್ಲಿ, ಅಂದರೆ 139 ಹರ್ಟ್ಸ್ ಆಸುಪಾಸಿನಲ್ಲಿ ಹೊರಟು, ಸುಮಾರು ಮೂರು ಅರ್ಧಸ್ವರದಷ್ಟು, ಅಂದರೆ ಮೂರು ಮನೆಯಷ್ಟು, ಕೆಳಗೆ ನಿಲ್ಲುತ್ತಿತ್ತು. ತಂಬೂರಿಯನ್ನು ಕಪ್ಪು ಒಂದಕ್ಕೆ ಕೂಡಿಸಿ, ತಂತಿಗೆ ಝೇಂಕಾರ ಕೊಡುವ ನೂಲಾದ ಜೀವಾಳವನ್ನು ಸರಿಪಡಿಸಿ, ಸೋಗೆಯ ಮಳೆಯ ಕೆಳಗೆ ಹಾಸಿದೆ. ಮೋಟಾರಿನ ಆರಂಭವೇನೋ ಷಡ್ಜದಲ್ಲಿ ಲೀನವಾಯಿತು, ಆದರೆ ತಂಬೂರಿ ಕದಲದೆ ನಿಂತಿದ್ದರಿಂದಲೇ ಇಳಿಯುವ ಸ್ವರ ಇನ್ನಷ್ಟು ಎದ್ದು ಕೇಳತೊಡಗಿತು. ಸಂಗೀತ ಬಲ್ಲ ಅಕ್ಕ ಅದನ್ನು ಕೇಳಿ, ‘ನಿನ್ನ ಮೋಟಾರಿಗೆ ಅಪಸ್ವರ ಅಂತ ಹೇಳೋಕೆ ಒಂದು ತಂಬೂರಿ ಇಟ್ಯಲ್ಲ ಮಾರಾಯ’ ಎಂದಳು.

ದಾರಿ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಅಕ್ಕಿ ಸುರಿದೊಡನೆ ಗಿರಣಿಯ ಸ್ವರ ಕುಗ್ಗುತ್ತದೆ, ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು ಮೇಲೇರುತ್ತದೆ. ಬಿಪಿ ಮೋಟಾರಿನಲ್ಲಿ ಇಲ್ಲದ್ದು ಈ ಎರಡನೆಯ ಭಾಗ. ಅದು ಇಳಿದು ಅಲ್ಲಿಯೇ ನಿಂತುಬಿಡುತ್ತದೆ. ಟ್ರ್ಯಾಕಿನ ಮೊದಲ ನಿಮಿಷದಿಂದಲೇ ಇಳಿದು ಏರುವ ಸದ್ದು ಮತ್ತೆ ಮತ್ತೆ ಬರುತ್ತಿದ್ದರೆ, ಯಂತ್ರ ಇಳಿದಾಗಲೂ ಕಿವಿ ಹೆದರುವ ಬದಲು ಏರಿಕೆಗಾಗಿ ಕಾಯಬಹುದು ಎಂಬುದು ನನ್ನ ಊಹೆ. ಶಿವಮೊಗ್ಗದ ಗಿರಣಿಯೊಂದರಲ್ಲಿ ರೆಕಾರ್ಡ್ ಮಾಡಿದರೆ, ಕರೆಂಟಿನ ಮೋಟಾರು ಭಾರಕ್ಕೆ ಬಗ್ಗುವುದು ಬಹಳ ಕಡಿಮೆಯಾದ್ದರಿಂದ ಅರ್ಧಸ್ವರವೂ ಇಳಿಯಲಿಲ್ಲ. ಬೇಕಾಗಿದ್ದದ್ದು ವೇಗವನ್ನು ಒಂದೇ ಸಮ ಇಡುವ ಗವರ್ನರ್ ಸಡಿಲಾದ ಡೀಸೆಲ್ ಎಂಜಿನ್. ಹೊಸನಗರದ ಕಡೆ, ಕರೆಂಟು ಹೋದಾಗಲೆಂದು ಹಳೆಯ ಎಂಜಿನನ್ನು ಉಳಿಸಿಕೊಂಡಿದ್ದ ಗಿರಣಿಯ ಯಜಮಾನರು ಸಿಕ್ಕರು. ‘ಸದ್ದಿಗೆ ದುಡ್ಡು ಬೇಡ, ಡೀಸೆಲಿಗೆ ಕೊಡಿ’ ಎಂದು ಹೇಳಿ, ಸುರಿಯಲು ನನ್ನ ಕೈಗೇ ಅಕ್ಕಿಯ ಚೀಲ ಕೊಟ್ಟರು. ಬೀಸಿದ ಬೆಚ್ಚಗಿನ ಹಿಟ್ಟಿನ ಚೀಲವನ್ನು ಮೊಣಕೈ ಸಂದಿಯಲ್ಲಿ ಹಿಡಿದು ಬರುವಾಗ, ಪಟ್ಟಿ ಹಿಂಡುವ ಜಾಗದಲ್ಲೇ ಬಿಸಿ ತಾಗಿತು. ಅದೂ ಉಪಯೋಗಕ್ಕೆ ಬಂತು.

ಏಕೆಂದರೆ ಟ್ರ್ಯಾಕ್ ಅರ್ಧ ಕೆಲಸವಷ್ಟೇ. ಉಳಿದರ್ಧ ತಯಾರಿಯನ್ನು ಮನೆಯಲ್ಲಿ, ಪೂರ್ತಿ ಎಚ್ಚರದಲ್ಲಿ ನಡೆಸಿದೆ: ಮನೆಯ ಬಿಪಿ ಯಂತ್ರವನ್ನು ಕಟ್ಟಿಕೊಂಡು, ಪಟ್ಟಿಯ ಕೆಳಗೆ ಕೈಯನ್ನು ಸಡಿಲ ಬಿಟ್ಟು, ಗಿರಣಿ ಕೇಳುತ್ತಾ, ಹಿಂಡುವಾಗ ಉಸಿರನ್ನು ಉದ್ದಕ್ಕೆ ಹೊರಬಿಡುವ ಅಭ್ಯಾಸ. ಮುಟ್ಟುವ ವಿಷಯವನ್ನೂ ಮೊದಲೇ ಮಾತಾಡಿಕೊಂಡೆವು. ನಾನು ಬೆರಳೆತ್ತಿದರೆ ಮಾತ್ರ ಅಕ್ಕ ಭುಜದ ಮೇಲೆ ಕೈಯಿಡಬೇಕು, ಇಟ್ಟರೆ ಕದಲಿಸಬಾರದು, ‘ಇದು ಔಷಧಿ, ಇಳಿಯುತ್ತೆ’ ಎಂಬ ಒಂದೇ ಮಾತು ಹೇಳಬೇಕು. ಅವಳ ಧ್ವನಿಯನ್ನು ಟ್ರ್ಯಾಕಿನಲ್ಲಿ ಸೇರಿಸುವ ಯೋಚನೆಯನ್ನು ಕೈಬಿಟ್ಟೆ. ರೆಕಾರ್ಡಾದ ಸಾಂತ್ವನ ಬೇಡದ ಹೊತ್ತಿನಲ್ಲೂ ಬರುತ್ತದೆ. ಉಪವಾಸ, ಮಾತ್ರೆಗಳ ಪಟ್ಟಿ, ಮರುದಿನದವರೆಗೆ ಬೈಕ್ ಮುಟ್ಟದಿರುವುದು, ಇವು ವೈದ್ಯರು ಹೇಳಿದಂತೆ.

ಈ ಸಲ ಅರಿವಳಿಕೆ ವೈದ್ಯರು ಹೆಡ್‌ಫೋನನ್ನು ಕಿವಿಗಿಟ್ಟು ನೋಡಿ, ‘ಏನ್ರೀ, ಗಿರಣಿ ತಂದಿದ್ದೀರಾ?’ ಎಂದು ನಕ್ಕರು. ಪಟ್ಟಿ ಉಬ್ಬಿತು, ಸ್ವರ ಇಳಿಯಿತು, ಯಾರೋ ಅಕ್ಕಿ ಸುರಿದರು ಎನ್ನಿಸಿತು, ತೋಳು ಬೆಚ್ಚಗಾಯಿತು. ಕೊನೆಯ ಭಾಗದಲ್ಲಿ ಅಪ್ಪನ ನೆನಪು ಬಂದು ಜೋರಾಗಿ ಅತ್ತೆ, ಬೆರಳನ್ನೂ ಎತ್ತಿದೆ; ಅದು ಕಷ್ಟವೇ ಆಗಿತ್ತು, ಆದರೆ ಅದು ನನ್ನದೇ ಕಷ್ಟವಾಗಿತ್ತು, ಪಂಪಿನದಲ್ಲ. ಅದರ ಬಗ್ಗೆ ಮರುದಿನ ಮನೋವೈದ್ಯರ ಜೊತೆ ಮಾತಾಡಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಮುಂದಿನದು ತುಂಗೆಯ ನೀರಿನೊಳಗಿನ ಸದ್ದು. ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಗಳನ್ನು ತರಿಸಿದ್ದೇನೆ, ಅಂಗಡಿಯವರು ಎರಡು ಬಗೆಯನ್ನು ಬೆರೆಸಿ ಕಳುಹಿಸಿದ್ದಾರೆ, ಎಪಾಕ್ಸಿ ಅಂಟು ಈ ತೇವದಲ್ಲಿ ಗಟ್ಟಿಯಾಗಲು ಒಲ್ಲೆನ್ನುತ್ತಿದೆ. ಮಂಡಗದ್ದೆಯ ಕೆಳಗೆ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಇಳಿಸುವಷ್ಟು ನದಿ ಶಾಂತವಾದರೆ, ಟ್ರ್ಯಾಕಿನ ಕೊನೆಯ ಇಪ್ಪತ್ತು ನಿಮಿಷಕ್ಕೆ ಆ ನೀರನ್ನು ಹಾಕುವ ಆಸೆಯಿದೆ. ಔಷಧಿ ಇಳಿದು ಹೊಟ್ಟೆ ತೊಳೆಸುವ ಆ ಹೊತ್ತಿನಲ್ಲಿ ಎಡ ಬಲಕ್ಕೆ ಓಡಾಡುವ ಸದ್ದು ತಲೆ ತಿರುಗಿಸುವುದರಿಂದ ಅಷ್ಟನ್ನು ಎರಡೂ ಕಿವಿಗೆ ಒಂದೇ ಸದ್ದು ಬರುವ ಮೋನೊದಲ್ಲಿಯೇ ಮಿಕ್ಸ್ ಮಾಡುತ್ತೇನೆ.