ಅರ್ಧ ಸೂರ್ಯ, ಇಪ್ಪತ್ತು ಕಿಲೋಮೀಟರ್

ಅವತ್ತು ಬಸ್ ಮುಷ್ಕರ. ಫಸ್ಟ್ ಪಿಯುಸಿ ಕ್ಲಾಸಿನಲ್ಲಿ ಮುಂದಿನ ಎರಡು ಬೆಂಚು ಮಾತ್ರ ತುಂಬಿದ್ದವು. ಗುರುತ್ವಾಕರ್ಷಣೆಯ ಪಾಠ ಆಗಷ್ಟೇ ಮುಗಿದಿತ್ತು. ಇಷ್ಟೇ ಜನಕ್ಕೆ ಹೊಸ ಪಾಠ ತೆಗೆದರೆ ನಾಳೆ ಮತ್ತೆ ಮೊದಲಿಂದ ಹೇಳಬೇಕು. ಅದಕ್ಕೇ ಕಥೆ ಹೇಳ್ತೀನಿ ಅಂದೆ.

ರಾಬರ್ಟ್ ಫಾರ್ವರ್ಡ್ ಅಮೆರಿಕದ ಭೌತವಿಜ್ಞಾನಿ. ಗುರುತ್ವ ಅಲೆಗಳನ್ನು ಹಿಡಿಯಲು ಭೌತವಿಜ್ಞಾನಿ ಜೋಸೆಫ್ ವೆಬರ್ ಜೊತೆ ಕೆಲಸ ಮಾಡಿದವರು. 1980ರಲ್ಲಿ ಅವರ ‘ಡ್ರಾಗನ್ಸ್ ಎಗ್’ ಕಾದಂಬರಿ ಬಂತು. ನ್ಯೂಟ್ರಾನ್ ನಕ್ಷತ್ರದ (ದೊಡ್ಡ ನಕ್ಷತ್ರ ಸತ್ತಾಗ ಕುಸಿದು ಉಳಿಯುವ ಅತಿ ಸಾಂದ್ರವಾದ ತಿರುಳು) ಮೇಲೆ ಬದುಕುವ ‘ಚೀಲಾ’ ಎಂಬ ಜೀವಿಗಳ ಕಥೆ ಅದು. ಗಾತ್ರ ಎಳ್ಳುಕಾಳಿನಷ್ಟು, ದ್ರವ್ಯರಾಶಿ ಒಬ್ಬ ಮನುಷ್ಯನಷ್ಟು.

“ಸುಮ್ನೆ ಬಿಡ್ತಿದಾರೆ ಸರ್ ಅವರು” ಅಂದ ಒಬ್ಬ.

ಸರಿ, ಲೆಕ್ಕ ಹಾಕಿ ಅಂತ ಚಾಕ್ ಕೊಟ್ಟೆ. ನಕ್ಷತ್ರದ ದ್ರವ್ಯರಾಶಿ ಸೂರ್ಯನ ಅರ್ಧ, ವ್ಯಾಸ 20 ಕಿಲೋಮೀಟರ್. ಹಿಂದಿನ ವಾರ ಕಲಿತ ಅದೇ ಸೂತ್ರ. ಸೊನ್ನೆ ಎಣಿಸುವುದರಲ್ಲಿ ಒಂದಷ್ಟು ಜಗಳವಾಗಿ ಉತ್ತರ ಬಂತು: ಭೂಮಿಯ ಗುರುತ್ವದ ಸುಮಾರು 6,700 ಕೋಟಿ ಪಟ್ಟು. ಪುಸ್ತಕದಲ್ಲೂ ಇದೇ ಸಂಖ್ಯೆ ಇದೆ.

ಆಮೇಲೆ ಅವರನ್ನು ತಡೆಯೋಕಾಗಲಿಲ್ಲ. ನಕ್ಷತ್ರ ಸೆಕೆಂಡಿಗೆ ಐದು ಸುತ್ತು ಸುತ್ತುತ್ತೆ. ಕಥೆಯಲ್ಲಿ ಅದನ್ನು ನೋಡೋಕೆ ಬಂದ ಮನುಷ್ಯರ ನೌಕೆ ಒಂದೇ ಜಾಗದ ಮೇಲೆ ನಿಲ್ಲಬೇಕಾದರೆ ಎಷ್ಟು ದೂರದಲ್ಲಿರಬೇಕು? ಕೇಂದ್ರದಿಂದ 400 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ನಿಂತವನ ತಲೆಗೂ ಕಾಲಿಗೂ ನಡುವೆ ಗುರುತ್ವದ ವ್ಯತ್ಯಾಸ, ಮೀಟರಿಗೆ ಸುಮಾರು 200 ಜಿ, ಅಂದರೆ ಭೂಮಿಯ ಗುರುತ್ವದ 200 ಪಟ್ಟು. “ಹರಿದೇ ಹೋಗ್ತಾನಲ್ಲ ಸರ್!” ಹೌದು. ಅದನ್ನು ತಪ್ಪಿಸೋಕೆ ಫಾರ್ವರ್ಡ್ ನೌಕೆಯ ಸುತ್ತ ಆರು ಅತಿಭಾರದ ಗುಂಡುಗಳನ್ನು ಸುತ್ತಿಸುತ್ತಾರೆ. ಆ ಎಳೆತವನ್ನು ಅವು ಸರಿದೂಗಿಸುತ್ತವೆ. ಬೇರೆ ಲೇಖಕರಾಗಿದ್ದರೆ ಹೊಸ ಯಂತ್ರವೊಂದಕ್ಕೆ ಹೆಸರಿಟ್ಟು ಮುಂದೆ ಹೋಗಿಬಿಡುತ್ತಿದ್ದರು.

ನಿಜ ಹೇಳಬೇಕೆಂದರೆ ಈ ಕಾದಂಬರಿಯ ಮನುಷ್ಯರಲ್ಲಿ ಜೀವ ಕಡಿಮೆ. ಮಾತಾಡಿದರೂ ಲೆಕ್ಚರ್ ಕೊಟ್ಟ ಹಾಗೇ. (ನಾನೇ ಲೆಕ್ಚರರ್, ನನಗದು ತೊಂದರೆಯಾಗಲಿಲ್ಲ.) ಅಲ್ಲಿ ನಾಯಕ ನಕ್ಷತ್ರವೇ.

ನಮ್ಮ ವಿದ್ಯಾರ್ಥಿಗಳಿಗೆ ಬಹಳ ಹಿಡಿಸಿದ್ದು ಚೀಲಾಗಳ ಸಮಯ. ನಮ್ಮ ದೇಹ ನಡೆಯುವುದು ರಾಸಾಯನಿಕ ಕ್ರಿಯೆಗಳಿಂದ. ಚೀಲಾಗಳದ್ದು ಪರಮಾಣುವಿನ ಬೀಜಗಳ ನಡುವಿನ ಕ್ರಿಯೆ, ಹತ್ತು ಲಕ್ಷ ಪಟ್ಟು ವೇಗ. ನಮ್ಮ ಒಂದು ಸೆಕೆಂಡ್ ಅವಕ್ಕೆ ಹನ್ನೊಂದೂವರೆ ದಿನ. ನಾನು ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಅಲ್ಲಿನ ಮಕ್ಕಳು ದೊಡ್ಡವರಾಗಿರುತ್ತಾರೆ. ಪೀರಿಯಡ್ ಮುಗಿಯುವಷ್ಟರಲ್ಲಿ ಒಂದು ತಲೆಮಾರೇ ಹೋಗಿರುತ್ತದೆ. ಅಂಥವರ ಜೊತೆ ಮನುಷ್ಯರು ಮಾತಾಡೋದು ಹೇಗೆ? ಈ ಕಡೆಯಿಂದ ಒಂದು ವಾಕ್ಯ ಮುಗಿಯೋಕೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕು.

ಗಂಟೆ ಹೊಡೆದರೂ ಒಬ್ಬಳು ಬೋರ್ಡ್ ಬಿಟ್ಟು ಬರಲಿಲ್ಲ. ಒಂದು ಮೀಟರ್ ಎತ್ತರದಿಂದ ಚೀಲಾ ಬಿದ್ದರೆ ಏನಾಗುತ್ತೆ ಅಂತ ಲೆಕ್ಕ ಹಾಕುತ್ತಿದ್ದಳು. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರ್ ದಾಟುತ್ತೆ. ಆದರೆ ಚೀಲಾದ ಗಡಿಯಾರದಲ್ಲಿ ಆ ಬೀಳುವಿಕೆ ಒಂದೂಮುಕ್ಕಾಲು ಸೆಕೆಂಡ್!

“ಇಲ್ಲಿ ಒಂದು ಮೀಟರ್ ಬೀಳೋಕೆ ನಮಗೆ ಅರ್ಧ ಸೆಕೆಂಡೂ ಇಲ್ಲ. ಅದಕ್ಕೆ ನಮಗಿಂತ ಜಾಸ್ತಿ ಟೈಮ್ ಸಿಗುತ್ತೆ ಸರ್” ಅಂದಳು. ನಾನು ಇದನ್ನು ಯಾವತ್ತೂ ಲೆಕ್ಕ ಹಾಕಿ ನೋಡಿರಲಿಲ್ಲ.