ನಾಲ್ಕನೆಯ ಪೆಟ್ಟಿಗೆ

ಅಟ್ಟದ ಮೇಲೆ ನಾಲ್ಕು ಹಳೆಯ ಕಂಪ್ಯೂಟರ್‌ಗಳು ಧೂಳು ಹಿಡಿದು ಕೂತಿದ್ದವು. ಮೂರರಲ್ಲಿ ಕೋರ್ 2 ಡ್ಯುಯೊ ಪ್ರೊಸೆಸರ್, ಒಂದರಲ್ಲಿ ಅದಕ್ಕಿಂತ ಹಳೆಯ ಪೆಂಟಿಯಂ 4. ಯಾರಿಗೂ ಬೇಡ, ಎಸೆಯಲು ನನಗೆ ಮನಸ್ಸಿಲ್ಲ. ಒಂದು ಭಾನುವಾರ ಎಲ್ಲವನ್ನೂ ಕೆಳಗಿಳಿಸಿ, ಜೋಡಿಸಿ ಕ್ಲಸ್ಟರ್, ಅಂದರೆ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವ ಗುಂಪು, ಮಾಡೋಣ ಅಂತ ತಮ್ಮನನ್ನು ಕರೆದೆ.

"ಒಂದೊಂದೇ ಓಡೋದೇ ಕಷ್ಟ. ಎಲ್ಲ ಸೇರಿ ಏನು ಕಡಿದು ಕಟ್ಟೆ ಹಾಕ್ತವೆ ಅಣ್ಣಾ?" ಅಂದ.

1994ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಹದಿನಾರು 486 ಪ್ರೊಸೆಸರ್‌ಗಳನ್ನು ಸಾಮಾನ್ಯ ಈಥರ್‌ನೆಟ್‌ನಲ್ಲಿ ಜೋಡಿಸಿ ಬಿಯೋವುಲ್ಫ್ ಎಂಬ ಕ್ಲಸ್ಟರ್ ಕಟ್ಟಿದ ಕಥೆ ಹೇಳಿದೆ. ಅವನು ನಂಬಿದನೋ ಇಲ್ಲವೋ, ಸ್ಕ್ರೂಡ್ರೈವರ್ ಅಂತೂ ಕೈಗೆತ್ತಿಕೊಂಡ.

ಅರ್ಧ ದಿನ ಧೂಳು ಒರೆಸುವುದರಲ್ಲೇ ಹೋಯಿತು. ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಸುಣ್ಣದ ಹಾಗೆ ಒಣಗಿತ್ತು. ರ‍್ಯಾಮ್‌ನ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ ಮೇಲೆ ಒಂದು ಯಂತ್ರ ಬೀಪ್ ಮಾಡುವುದನ್ನು ನಿಲ್ಲಿಸಿತು. ಎಲ್ಲಕ್ಕೂ 32 ಬಿಟ್ ಡೆಬಿಯನ್ ಲಿನಕ್ಸ್ ಹಾಕಿ, ಸ್ವಿಚ್‌ಗೆ ಕೇಬಲ್ ಸಿಕ್ಕಿಸಿ, ಕೀಬೋರ್ಡು ಮಾನಿಟರ್ ತೆಗೆದೆವು. ಪೆಂಟಿಯಂ 4 ಮಾತ್ರ ನೆಟ್‌ವರ್ಕಿಗೆ ಬರಲೇ ಇಲ್ಲ. ಮಾನಿಟರ್ ಮತ್ತೆ ಸಿಕ್ಕಿಸಿದರೆ, ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ ಅಂತ ಬರೆದಿತ್ತು.

"ಇಲ್ಲದ ಕೀಬೋರ್ಡಲ್ಲಿ ಎಲ್ಲಿ ಒತ್ತೋದು?" ತಮ್ಮ ಬಿದ್ದು ಬಿದ್ದು ನಕ್ಕ.

ಯಂತ್ರ ಶುರುವಾಗುವಾಗ ಮೊದಲು ಓಡುವ ಬಯಾಸ್‌ನಲ್ಲಿ ಆ ತಪಾಸಣೆ ತೆಗೆದುಹಾಕಿದೆ. ಪ್ಲಗ್ ಕಿತ್ತು ಬೇರೆ ಕಡೆ ಹಾಕಿದರೆ ಮತ್ತೆ ಅದೇ ರಾಗ. ಜೊತೆಗೆ ತಾರೀಖು 2002ಕ್ಕೆ ಹೋಗಿ ಕೂತಿತ್ತು. ಹಂಚಿಕೊಂಡ ಫೋಲ್ಡರಿನಲ್ಲಿ ಪ್ರೋಗ್ರಾಂ ಕಂಪೈಲ್ ಮಾಡಲು ಹೋದರೆ, ಈ ಫೈಲು ಭವಿಷ್ಯದಲ್ಲಿ ಬದಲಾಗಿದೆ ಅಂತ ದೂರು. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ, ಸೆಟ್ಟಿಂಗು ತಾರೀಖು ನೆನಪಿಡುವಂಥದ್ದು, ಸತ್ತಿತ್ತು, ಅಷ್ಟೇ. ಬಿಲ್ಲೆಯಷ್ಟು ವಸ್ತು ಎರಡು ಗಂಟೆ ತಿಂದಿತ್ತು. ಪಾಸ್‌ವರ್ಡ್ ಇಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಲು ಎಸ್‌ಎಸ್‌ಎಚ್ ಕೀಲಿ, ಕೆಲಸ ಹಂಚಿಕೊಂಡು ಓಡಿಸಲು ಓಪನ್ ಎಂಪಿಐ, ಎಲ್ಲ ಸೇರಿ ಅಷ್ಟು ಸತಾಯಿಸಲಿಲ್ಲ.

ರಾತ್ರಿ ಪರೀಕ್ಷೆ. ಚೌಕದೊಳಗೆ ಕಣ್ಣುಮುಚ್ಚಿ ಚುಕ್ಕಿ ಎಸೆದು, ಅದರೊಳಗಿನ ವೃತ್ತದಲ್ಲಿ ಎಷ್ಟು ಬಿದ್ದವು ಅಂತ ಎಣಿಸಿ ಪೈ ಬೆಲೆ ಹುಡುಕುವ ಲೆಕ್ಕ. ಯಂತ್ರಗಳು ತಮ್ಮತಮ್ಮಲ್ಲಿ ಹೆಚ್ಚು ಮಾತಾಡಬೇಕಿಲ್ಲ, ಹಾಗಾಗಿ ನಿಧಾನದ ನೆಟ್‌ವರ್ಕಿಗೂ ಸರಿ. ಹೋಲಿಸಲು ಸುಲಭವಾಗಲಿ ಅಂತ ಯಂತ್ರಕ್ಕೊಂದೇ ಪ್ರಾಸೆಸ್, ಅಂದರೆ ಪ್ರೋಗ್ರಾಂನ ಓಡುವ ಒಂದೇ ಪ್ರತಿ. ಒಂದು ಡ್ಯುಯೊ ಒಂಟಿಯಾಗಿ 90 ಸೆಕೆಂಡ್ ತೆಗೆದುಕೊಂಡಿತು. ಮೂರು ಸೇರಿ 31. ನಾನು ಕುಣಿಯುವುದೊಂದು ಬಾಕಿ! ನಾಲ್ಕನೆಯದನ್ನೂ ಸೇರಿಸಿದೆ. 68.

ಜಾಸ್ತಿಯಾಯಿತು!

ಮತ್ತೆ ಓಡಿಸಿದೆ. ಅಷ್ಟೇ. ನಾನು ಸುಮ್ನೆ ಕೇಬಲ್‌ಗಳನ್ನು ಅಲ್ಲಾಡಿಸುತ್ತಿದ್ದೆ. ತಮ್ಮ ಪರದೆ ನೋಡಿ, "ಮೂರೂ ಆಗ್ಲೇ ಮುಗಿಸಿ ಕೂತಿವೆ. ಎಲ್ಲ ಇದಕ್ಕೇ ಕಾಯ್ತಿವೆ," ಅಂದ. ನಿಜ, ನಾನು ಕೆಲಸವನ್ನು ಸಮನಾಗಿ ನಾಲ್ಕು ಪಾಲು ಮಾಡಿದ್ದೆ. ಮುದಿ ಪೆಂಟಿಯಂಗೂ ಅಷ್ಟೇ ಹೊರೆ.

ಪ್ರೋಗ್ರಾಂ ಬದಲಿಸಿ, ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಮುಗಿಸಿದವರು ಬಂದು ಇನ್ನೊಂದು ತುಂಡು ಒಯ್ಯುವ ಹಾಗೆ ಮಾಡಿದೆ. 28 ಸೆಕೆಂಡ್. ಮೂರು ಸೆಕೆಂಡ್ ಉಳಿಸಲು, ಕೋಣೆಯನ್ನೇ ಬಿಸಿ ಮಾಡುವ ಆ ಪೆಟ್ಟಿಗೆಗೆ ಕರೆಂಟ್ ಸುರಿಯಬೇಕು. ಅಟ್ಟಕ್ಕೆ ವಾಪಸ್ ಹಾಕೋಣ ಅಂದೆ.

"ಹೊಸ ಬ್ಯಾಟರಿ ಹಾಕಿದ್ದೀವಿ ಅಲ್ವಾ ಅಣ್ಣಾ," ಅಂದ ತಮ್ಮ. "ಇರ್ಲಿ ಬಿಡು."