ಗುಬ್ಬಿ, ನವಿಲು

ಬಿಲ್‌ನಲ್ಲಿ "ನೀರುದೋಸೆ" ಇರಬೇಕಾದಲ್ಲಿ ಇವತ್ತು ಸಾಲಾಗಿ ಖಾಲಿ ಚೌಕಗಳು.

ಮಂಗಳೂರಿನ ಕದ್ರಿಯ ಹೋಟೆಲಿನವರು ಫೋಟೊ ತೆಗೆದು ಕಳಿಸಿದ್ರು. ಅವರ ಬಿಲ್ಲಿನ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಾನು. "ಇದೆಂತ ಮಾರಾಯ್ರೆ, ಪದಬಂಧವಾ?"

ನನ್ನ ಲ್ಯಾಪ್‌ಟಾಪಲ್ಲಿ ಸರಿ ಇತ್ತು. ಇರ್ತದೆ, ಅದರಲ್ಲಿ ಕನ್ನಡ ಫಾಂಟ್ ಉಂಟಲ್ಲ. ಸರ್ವರಲ್ಲಿ ಓಡುವುದು ಡೆಬಿಯನ್ ಸ್ಲಿಮ್ ಇಮೇಜ್, ಅಂದ್ರೆ ಲಿನಕ್ಸ್‌ನ ಸಣ್ಣ ಮಾಡಿದ ಅಚ್ಚು. ಹೆಸರೇ ಸ್ಲಿಮ್, ಫಾಂಟ್ ಗೀಂಟ್ ಎಂತದ್ದೂ ಇಲ್ಲ.

ಅವಸರಕ್ಕೆ ಓಡ್ತಿದ್ದ ಕಂಟೇನರ್ (ಆ ಅಚ್ಚಿಂದ ಎದ್ದ ಪ್ರತಿ) ಒಳಗೇ ಹೋಗಿ ಫಾಂಟ್ ಹಾಕಿದೆ. ಸರಿಯಾಯ್ತು. ಚಾ ಕುಡಿದು ಬರುವಷ್ಟರಲ್ಲಿ ಹೊಸ ವರ್ಷನ್ ಹೋಗಿ ಕಂಟೇನರೇ ಬದಲು. ಮತ್ತೆ ಚೌಕ. ಅಚ್ಚಿನ ರೆಸಿಪಿ ಇರುವ ಡಾಕರ್‌ಫೈಲಲ್ಲೇ ಬರೆದು ಇಮೇಜ್ ಹೊಸತಾಗಿ ಕಟ್ಟಬೇಕು ಅಂತ ಗೊತ್ತಿದ್ದೂ ನನ್ನದು ಈ ಉದಾಸೀನ.

ಕೊನೆಗೆ ಸೇರಿಸಿದ್ದು ಒಂದೇ ಸಾಲು. ಅಪ್‌ಡೇಟ್, ಇನ್‌ಸ್ಟಾಲ್ ಎರಡೂ ಒಂದೇ ರನ್ ಆಜ್ಞೆಯಲ್ಲಿ. (ಬೇರೆ ಬೇರೆ ಬರೆದರೆ ಹಳೆ ಕ್ಯಾಶ್, ಅಂದ್ರೆ ಹಿಂದೆ ಉಳಿಸಿಟ್ಟ ಪಟ್ಟಿ, ಹಿಡ್ಕೊಂಡು ಕೂತು ಇನ್ನೊಂದು ರಗಳೆ.) ಪ್ಯಾಕೇಜ್ ಹೆಸರು ಫಾಂಟ್ಸ್-ಕೆಎನ್‌ಡಿಎ. ಬಿಲ್ಡ್ ಆಗುವಾಗ ಸುಮ್ಮನೆ ಟರ್ಮಿನಲ್ ನೋಡ್ತಾ ಕೂತಿದ್ದೆ. ಅದಕ್ಕೆ ಬೇಕಾದವೂ ಹಿಂದೆಯೇ ಬಂದವು, ಅದರಲ್ಲಿ ಈ ಎರಡು.

ಫಾಂಟ್ಸ್-ಗುಬ್ಬಿ.
ಫಾಂಟ್ಸ್-ನವಿಲು.

ಹೊರಗೆ ಜೋರು ಮಳೆ. ಒಬ್ಬನೇ ಕೂತು ನಕ್ಕೆ. ಯಾರೋ ಒಂದೊಂದೇ ಒತ್ತಕ್ಷರ ತಿದ್ದಿ, ಹಕ್ಕಿ ಹೆಸರಿಟ್ಟು, ಪುಕ್ಕಟೆ ಬಿಟ್ಟಿದ್ದಾರೆ. ನಾನು ಇಷ್ಟು ವರ್ಷ ಅದಕ್ಕೆ "ಡಿಪೆಂಡೆನ್ಸಿ" ಅಂತಿದ್ದೆ.

ಹೋಟೆಲಿನವರಿಗೆ ಹೊಸ ಬಿಲ್ ಕಳಿಸಿದೆ. ಕೂಡಲೇ ಉತ್ತರ ಬಂತು.

"ಈಗ ಅಕ್ಷರ ಚಂದ ಉಂಟು. ಗೋಳಿಬಜೆ ರೇಟ್ ಮಾತ್ರ ಹಳೇದೇ ಬರ್ತಾ ಉಂಟು."